ರೆಕ್ಕೆಯೊಳಗಿನ ಮರ

ನನ್ನ ಹುಟ್ಟೂರು ಪುರ್ತಗೇರಿ. ಗಜೇಂದ್ರಗಡದ ಸಮೀಪದ ಸಣ್ಣ ಹಳ್ಳಿ. ಇಂದು ನಮ್ಮ ಭಾಗದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಬಿಳಿಯ ತೋಳುಗಳನ್ನು ಬೀಸುತ್ತಾ ನಿಂತಿವೆ. ನನ್ನ ಬಾಲ್ಯದಲ್ಲಿ ಅವು ಇರಲಿಲ್ಲ. ಗಾಳಿ ಮಾತ್ರ ಇಷ್ಟೇ ಇತ್ತು. ಆಷಾಢದಲ್ಲಿ ಅದು ಎಷ್ಟು ಬಲವಾಗಿ ಬೀಸುತ್ತಿತ್ತೆಂದರೆ, ಹೆಗಲ ಮೇಲಿನ ಟವೆಲ್ಲು ಹಾರಿಹೋಗದಂತೆ ಹಿರಿಯರು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಮಕ್ಕಳಾದ ನಾವು ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಮಾಡಿ ಆಡುವವರು. ಒಮ್ಮೆ ಆಕಾಶದಲ್ಲಿ ವಿಮಾನವೊಂದು ಹಾದುಹೋದದ್ದನ್ನು ಕಂಡ ಮೇಲೆ ಅದೇ ಬೆಂಡಿನಿಂದ ವಿಮಾನ ಮಾಡಿದೆ. ರೆಕ್ಕೆಗೆ ಹೊದಿಸಲು ಬಟ್ಟೆ ಬೇಕಾಯಿತು. ಗಜೇಂದ್ರಗಡದಲ್ಲಿ ನನ್ನ ಜೊತೆ ಓದುತ್ತಿದ್ದ ನೇಕಾರರ ಮನೆಯ ಗೆಳೆಯ ಮಗ್ಗದ ಕೆಳಗೆ ಬಿದ್ದಿದ್ದ ಒಂದು ತುಂಡನ್ನು ತಂದುಕೊಟ್ಟ. ಬೆಂಡಿನ ಎಲುಬು, ಬಟ್ಟೆಯ ಚರ್ಮ. ಆ ವಿಮಾನ ಹಾರಲಿಲ್ಲವೆಂಬುದು ಬೇರೆ ಮಾತು.

ಆ ಆಟಿಕೆಗೂ ನಿಜವಾದ ಹಳೆಯ ವಿಮಾನಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂಬುದು ತಿಳಿದದ್ದು ಬಹಳ ವರ್ಷಗಳ ಅನಂತರ. ಬೆಂಗಳೂರಿಗೆ ಹೋಗಿ ವಿಮಾನಗಳ ಒಡಲನ್ನು ದುರಸ್ತಿ ಮಾಡುವ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದು, ನಿವೃತ್ತನಾಗಿ ಊರಿಗೆ ಮರಳಿದವನು ನಾನು. ಇನ್ನು ಉಳಿದ ಬಾಳು ಹೊಲ, ಮೊಮ್ಮಕ್ಕಳು ಮತ್ತು ಜಪಸರಕ್ಕೆ ಎಂದುಕೊಂಡಿದ್ದೆ. ಆಗ ಒಂದು ದೂರವಾಣಿ ಕರೆ ಬಂದಿತು.

ಕರೆದವರು ನಾವೆಲ್ಲ ‘ಕ್ಯಾಪ್ಟನ್’ ಎಂದೇ ಕರೆಯುತ್ತಿದ್ದ ಹಿರಿಯ ಗೆಳೆಯರು. 1960ರ ದಶಕದ ಕೊನೆಯಲ್ಲಿ ಜಕ್ಕೂರಿನಲ್ಲಿ ಹಾರಾಟ ಕಲಿತು, ಮುಂದೆ ನೂರಾರು ಮಂದಿಗೆ ಕಲಿಸಿದವರು. ಇಂದು ನಗರ ನಾಲ್ಕೂ ಕಡೆಯಿಂದ ಒತ್ತರಿಸಿಕೊಂಡಿರುವ ಜಕ್ಕೂರು ಆಗ ಬೆಂಗಳೂರಿನ ಹೊರಗಿನ ಹಳ್ಳಿ. ಹೊಲಗಳ ನಡುವೆ ಇಳಿದಾಣ, ಪಕ್ಕದಲ್ಲಿ ಕೆರೆ. 2012ರ ಅಕ್ಟೋಬರ್ 8ರಂದು, ವಾಯುಪಡೆಯ ಎಂಬತ್ತನೆಯ ವರ್ಷದ ದಿನಾಚರಣೆಯಲ್ಲಿ, ದೆಹಲಿ ಬಳಿಯ ಹಿಂಡನ್ ನೆಲೆಯ ಮೇಲೆ ಒಂದು ಟೈಗರ್ ಮಾತ್ ವಿಮಾನ ಹಾರಿತು. 1931ರಲ್ಲಿ ಮೊದಲು ಹಾರಿದ ಮಾದರಿ ಅದು. ಎರಡು ಅಂತಸ್ತಿನ ರೆಕ್ಕೆ, ಬಟ್ಟೆಯ ಹೊದಿಕೆ, ಮುಖಕ್ಕೆ ಗಾಳಿ ಬಡಿಯುವ ತೆರೆದ ಆಸನ. ಹಾಳಾಗಿದ್ದ ಅದನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ತಂದಿದ್ದರು. ಅದನ್ನು ಟಿ.ವಿ.ಯಲ್ಲಿ ನೋಡಿದ ಕ್ಯಾಪ್ಟನ್‌ಗೆ ನಿದ್ರೆ ಹತ್ತಲಿಲ್ಲವಂತೆ. “ಒಂದು ಪುಷ್ಪಕ್ ಕೊಂಡಿದ್ದೇನೆ. ಹಾರುವ ಸ್ಥಿತಿಯಲ್ಲಿಲ್ಲ. ನೀವು ಬರಬೇಕು” ಎಂದರು.

ಪುಷ್ಪಕ್ ಎಂದರೇನೆಂದು ಇಂದಿನ ಓದುಗರಿಗೆ ಹೇಳಬೇಕಾದೀತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1941ರ ಆಗಸ್ಟಿನಲ್ಲಿ ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಸ್ವಾತಂತ್ರ್ಯದ ಬಳಿಕ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ನಮ್ಮವರೇ ರೂಪಿಸಿದ ತರಬೇತಿ ವಿಮಾನ ಎಚ್.ಟಿ.-2 1951ರ ಆಗಸ್ಟಿನಲ್ಲಿ ಗಗನಕ್ಕೇರಿತು. ಅದೇ ಕಾರ್ಖಾನೆಯಿಂದ 1958ರ ಸೆಪ್ಟೆಂಬರ್ 28ರಂದು ಪುಷ್ಪಕ್ ಹಾರಿತು. ಎರಡೇ ಆಸನ, ಅವೂ ಅಕ್ಕಪಕ್ಕ. 90 ಅಶ್ವಶಕ್ತಿಯ ಎಂಜಿನು. ತಲೆಯ ಮೇಲೆ ಒಂದೇ ಉದ್ದನೆಯ ರೆಕ್ಕೆ. ದೇಶದ ಹಾರಾಟ ಸಂಘಗಳಿಗೆಂದು ಇಂಥ ನೂರೈವತ್ತಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದರು. ಮುಂದೆ ದೊಡ್ಡ ವಿಮಾನಗಳನ್ನು ನಡೆಸಿದ ಎಷ್ಟೋ ಮಂದಿ ಮೊದಲು ನೆಲ ಬಿಟ್ಟದ್ದು ಈ ಪುಟ್ಟ ವಿಮಾನದಲ್ಲಿ.

ನಮ್ಮ ಪುಷ್ಪಕ್ ಇದ್ದದ್ದು ಬಯಲುಸೀಮೆಯ ಒಂದು ಹಳೆಯ ಖಾಸಗಿ ಇಳಿದಾಣದಲ್ಲಿ. ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ದಿನದ ಹಾದಿ. 2013ರ ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಮೊದಲ ಬಾರಿಗೆ ಅಲ್ಲಿ ಸೇರಿದೆವು. ಕ್ಯಾಪ್ಟನ್, ನಾನು, ಎಂಜಿನು ಬಲ್ಲ ಮಂಗಳೂರಿನ ಗೆಳೆಯ, ವಿದ್ಯುತ್ತಿನ ಕೆಲಸ ಬಲ್ಲ ತುಮಕೂರಿನ ಗೆಳೆಯ. ಹ್ಯಾಂಗರ್ ಎಂದು ಕರೆಯಲು ಸಂಕೋಚವಾಗುವಂಥ ಶೆಡ್ಡು. ತಗಡಿನ ಮೇಲ್ಛಾವಣಿಯಲ್ಲಿ ತೂತುಗಳು, ತೊಲೆಗಳ ಮೇಲೆ ಪಾರಿವಾಳಗಳು, ಮೂಲೆಯಲ್ಲಿ ಹುತ್ತ. ದೊಡ್ಡ ಬಾಗಿಲು ತನ್ನ ಹಳಿಯಿಂದ ಜಾರಿ ನೆಲದಲ್ಲಿ ಹೂತುಕೊಂಡಿತ್ತು. ವಿಮಾನದ ಮೈಮೇಲಿನ ಬಟ್ಟೆ ಹರಿದು, ಒಳಗಿನ ಉಕ್ಕಿನ ಕೊಳವೆಗಳು ಬಡಕಲು ದನದ ಎಲುಬಿನಂತೆ ಕಾಣುತ್ತಿದ್ದವು.

ತಿಂಗಳ ಮೊದಲ ಶನಿವಾರ ಸೇರುವುದೆಂದು ನಿಶ್ಚಯಿಸಿದೆವು. ಮೊದಲ ಆರು ತಿಂಗಳು ವಿಮಾನವನ್ನು ಮುಟ್ಟಲೇ ಇಲ್ಲ. ಮನೆ ಸರಿಯಿಲ್ಲದೆ ಮಗುವನ್ನು ತೊಟ್ಟಿಲಿಗೆ ಹಾಕುವುದು ಹೇಗೆ? ಕಸ ತೆಗೆದೆವು, ತಗಡು ಬದಲಿಸಿದೆವು, ಬಾಗಿಲನ್ನು ಹಳಿಗೆ ಏರಿಸಿ ಗ್ರೀಸು ಹಚ್ಚಿದೆವು, ಗೋಡೆಗಳಿಗೆ ಸುಣ್ಣ ಬಳಿದೆವು. ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲವನ್ನು ಹೊಸದಾಗಿ ಹೊಲಿಸಿ ಕಂಬಕ್ಕೇರಿಸಿದೆವು. ಮಧ್ಯಾಹ್ನ ನಾನು ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ತುಮಕೂರಿನವನು ತಂದ ಮುದ್ದೆ ಒಂದೇ ಕಡೆ ಬಿಚ್ಚಿಕೊಳ್ಳುತ್ತಿದ್ದವು. ಅರವತ್ತು ದಾಟಿದ ನಾಲ್ವರು ಆ ದಿನದ ಮಟ್ಟಿಗೆ ಹುಡುಗರಾಗುತ್ತಿದ್ದೆವು.

ಮಂಗಳೂರಿನ ಗೆಳೆಯ ಕೆಲಸದ ಮೇಜಿನ ಮೇಲೆ ಲೊರೆಟೊ ಮಾತೆಯ ಚಿತ್ರವೊಂದನ್ನು ತೂಗುಹಾಕಿದ. ನಜರೇತಿನಲ್ಲಿ ಮಾತೆ ಮರಿಯಮ್ಮನವರು ವಾಸಿಸಿದ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಯ ಲೊರೆಟೊಗೆ ಹೊತ್ತು ತಂದರೆಂಬ ಪರಂಪರಾಗತ ನಂಬಿಕೆಯ ಕಾರಣ, 1920ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಆ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಘೋಷಿಸಿದರು. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಡಿಸೆಂಬರ್ 10ರ ಆಕೆಯ ಸ್ಮರಣೆಯನ್ನು ಇಡೀ ಧರ್ಮಸಭೆಯ ಪಂಚಾಂಗಕ್ಕೆ ಸೇರಿಸಿದರು. ಕ್ಯಾಪ್ಟನ್ ಅನ್ಯಧರ್ಮೀಯರು. ಆದರೂ ಕೆಲಸ ಆರಂಭಿಸುವ ಮುನ್ನ ಆ ಚಿತ್ರದ ಧೂಳನ್ನು ಒರೆಸುವವರು ಅವರೇ.

ಶೆಡ್ಡು ಸಿದ್ಧವಾದ ಮೇಲೆ ವಿಮಾನದ ಸರದಿ. ಪುಷ್ಪಕ್‌ನ ರೆಕ್ಕೆಯ ಒಳಗೆ ಉದ್ದಕ್ಕೂ ಎರಡು ಮರದ ತೊಲೆಗಳಿವೆ. ಅವುಗಳಿಗೆ ಅಡ್ಡವಾಗಿ ಹಗುರವಾದ ಲೋಹದ ಪಕ್ಕೆಲುಬುಗಳು. ಎಲ್ಲದರ ಮೇಲೆ ಬಟ್ಟೆ. ಬಟ್ಟೆಯನ್ನು ಪಕ್ಕೆಲುಬುಗಳಿಗೆ ಹೊಲಿಯುವಾಗ ರೆಕ್ಕೆಯನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಇಬ್ಬರು ಇಬ್ಬದಿಯಲ್ಲಿ ಕುಳಿತುಕೊಳ್ಳುತ್ತಾರೆ. ಮೇಣ ಸವರಿದ ದಾರದ ಉದ್ದನೆಯ ಸೂಜಿಯನ್ನು ಒಬ್ಬ ಈಚೆಯಿಂದ ಚುಚ್ಚಿದರೆ ಇನ್ನೊಬ್ಬ ಆಚೆ ಹಿಡಿದೆಳೆದು ಮರಳಿ ಚುಚ್ಚಬೇಕು. ಪ್ರತಿ ಹೊಲಿಗೆಗೂ ಒಂದು ಗಂಟು. ಒಬ್ಬರ ಮುಖ ಒಬ್ಬರಿಗೆ ಕಾಣದು; ಬಟ್ಟೆಯಿಂದ ಹೊರಬರುವ ಸೂಜಿಯ ಮೊನೆ ಮಾತ್ರ ಕಾಣುತ್ತದೆ. ಆಮೇಲೆ ‘ಡೋಪ್’ ಎಂಬ ದ್ರಾವಣವನ್ನು ಪದರ ಪದರವಾಗಿ ಬಳಿಯುತ್ತಾರೆ. ಅದು ಒಣಗುತ್ತಾ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಬಿಸಿಲು ನೂಲನ್ನು ತಿನ್ನದಂತೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಪದರ, ಕಡೆಗೆ ಬಣ್ಣ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ಇನ್ನು ಹೇಳಬೇಕಾದದ್ದು ನನ್ನ ತಪ್ಪಿನ ಕಥೆ.

ರೆಕ್ಕೆಗೆ ಕೆಳಗಿನಿಂದ ಆಸರೆಯಾಗಿ ಓರೆಯಾದ ಊರುಗೋಲುಗಳಿರುತ್ತವೆ. ಅವು ತೊಲೆಯನ್ನು ಸೇರುವಲ್ಲಿ ಮರದ ಎರಡೂ ಮೈಗೆ ಉಕ್ಕಿನ ಪಟ್ಟಿಗಳನ್ನಿಟ್ಟು ಬೋಲ್ಟು ಹಾಕಿರುತ್ತಾರೆ. ಹಾರುವಾಗ ವಿಮಾನದ ಭಾರದ ಬಹುಪಾಲು ಹಾದುಹೋಗುವುದು ಈ ಕೀಲಿನ ಮೂಲಕ. ಪಟ್ಟಿಯ ಅಡಿಯಲ್ಲಿ ತೇವ ನಿಂತರೆ ಮರ ಒಳಗೊಳಗೇ ಮೆತ್ತಗಾಗಬಹುದು, ಹೊರಗಿನಿಂದ ಕಾಣುವುದಿಲ್ಲ. ಆದುದರಿಂದ ಬಟ್ಟೆ ಹೊದಿಸುವ ಮುನ್ನ ಪಟ್ಟಿಗಳನ್ನು ಬಿಚ್ಚಿ ಮರವನ್ನು ನೋಡಬೇಕು. ಆ ಕೆಲಸ ನನ್ನದು. 2014ರ ನವೆಂಬರಿನ ಆ ಶನಿವಾರ ಬಲರೆಕ್ಕೆಯ ಪಟ್ಟಿಗಳನ್ನೆಲ್ಲ ಬಿಚ್ಚಿದೆ, ಮರ ಚೆನ್ನಾಗಿತ್ತು. ಎಡರೆಕ್ಕೆಯಲ್ಲಿ ಒಂದು ಬೋಲ್ಟು ತುಕ್ಕು ಹಿಡಿದು ಕದಲಲಿಲ್ಲ. ಐದು ಗಂಟೆಯ ಬಸ್ಸು ತಪ್ಪಿದರೆ ರಾತ್ರಿ ಊರು ಸೇರುವಂತಿಲ್ಲ. ಪಟ್ಟಿಯ ಅಂಚಿನಲ್ಲಿ ಕಂಡಷ್ಟು ಮರವನ್ನು ಬೆಳಕು ಹಿಡಿದು ನೋಡಿ, ನಮ್ಮ ಕೆಲಸದ ಪುಸ್ತಕದಲ್ಲಿ “ಎಡ, ಬಲ ಎರಡೂ ಬಿಚ್ಚಿ ನೋಡಿದೆ. ಮರ ಸರಿಯಾಗಿದೆ” ಎಂದು ಬರೆದು ಸಹಿ ಮಾಡಿದೆ. ಮುಂದಿನ ತಿಂಗಳು ಬಂದು ಬಿಚ್ಚಿದರಾಯಿತು ಎಂಬ ಎಣಿಕೆ. ಮುಂದಿನ ತಿಂಗಳು ನನಗೆ ಜ್ವರ. ಅದರ ಮುಂದಿನ ತಿಂಗಳು ಹೋಗುವಷ್ಟರಲ್ಲಿ, ನನ್ನ ಬರಹವನ್ನು ನಂಬಿದ ಗೆಳೆಯರು ಎಡರೆಕ್ಕೆಗೆ ಬಟ್ಟೆ ಹೊದಿಸಿ ಮುಗಿಸಿದ್ದರು. ಕ್ಯಾಪ್ಟನ್ ನಗುತ್ತಾ, “ನೋಡಿ, ನಿಮಗೆ ಆಶ್ಚರ್ಯವಾಗಲೆಂದು ಮಾಡಿದೆವು” ಎಂದರು. ನನ್ನ ಬಾಯಿ ಬರಲಿಲ್ಲ.

ಮೂವತ್ತನಾಲ್ಕು ವರ್ಷದ ಉದ್ಯೋಗದಲ್ಲಿ ನಾನು ಒಂದು ಸುಳ್ಳು ಸಹಿ ಹಾಕಿದವನಲ್ಲ. ಅಲ್ಲಿ ಮೇಲಧಿಕಾರಿಯ ಭಯವಿತ್ತು, ತನಿಖೆಯ ಭಯವಿತ್ತು. ಇಲ್ಲಿ ಇದ್ದದ್ದು ಗೆಳೆಯರ ನಂಬಿಕೆ ಒಂದೇ. ನಂಬಿಕೆಯ ಮುಂದೆ ಸುಳ್ಳು ಬರೆಯುವುದು ಎಷ್ಟು ಸುಲಭವೆಂಬುದು ಅಂದು ತಿಳಿಯಿತು.

ಒಂದು ವರ್ಷಕ್ಕೂ ಮಿಕ್ಕಿ ಹೀಗೇ ಕಳೆಯಿತು. 2016ರ ತಪಸ್ಸುಕಾಲದ ಒಂದು ಶನಿವಾರ, ಊಟದ ಹೊತ್ತಿನಲ್ಲಿ, ಮಂಗಳೂರಿನ ಗೆಳೆಯ ಪೌಲ್ ಶುಲ್ಟೆ ಎಂಬ ಜರ್ಮನ್ ಗುರುಗಳ ಕಥೆ ಹೇಳಿದ. ಮೊದಲನೆಯ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದು, ಆಮೇಲೆ ಅಮಲೋದ್ಭವ ಮಾತೆಯ ಒಬ್ಲೇಟ್ ಸಭೆಯ ಯಾಜಕರಾದವರು ಅವರು. ಅವರ ಗೆಳೆಯ, ಧರ್ಮಪ್ರಚಾರಕ ಯಾಜಕ ಒಟ್ಟೊ ಫುರ್‌ಮನ್, 1925ರಲ್ಲಿ ಆಫ್ರಿಕದ ನೈಋತ್ಯ ಭಾಗದಲ್ಲಿ ಕಾಯಿಲೆ ಬಿದ್ದರು. ಆಸ್ಪತ್ರೆ ದಿನಗಟ್ಟಲೆ ಪ್ರಯಾಣದ ದೂರದಲ್ಲಿತ್ತು; ವೇಗದ ವಾಹನವಿರಲಿಲ್ಲ; ಅವರು ಉಳಿಯಲಿಲ್ಲ. ಆ ದುಃಖದಿಂದ ಶುಲ್ಟೆಯವರು 1927ರಲ್ಲಿ, ದೂರದ ಸೇವಾಕ್ಷೇತ್ರಗಳಿಗೆ ವಾಹನ, ದೋಣಿ, ವಿಮಾನಗಳನ್ನು ಒದಗಿಸುವ ‘ಮಿವಾ’ ಎಂಬ ಸಂಸ್ಥೆಯನ್ನು ಆರಂಭಿಸಿದರು. 1938ರಲ್ಲಿ ತಾವೇ ವಿಮಾನ ನಡೆಸಿ, ಉತ್ತರ ಧ್ರುವದ ಸಮೀಪದ ಹಿಮಪ್ರದೇಶದಲ್ಲಿ ಕಾಯಿಲೆ ಬಿದ್ದಿದ್ದ ಯಾಜಕರೊಬ್ಬರನ್ನು ಆಸ್ಪತ್ರೆಗೆ ತಲುಪಿಸಿದರು. “ಒಬ್ಬ ಗೆಳೆಯ ಸತ್ತದ್ದಕ್ಕೆ ಇನ್ನೊಬ್ಬ ರೆಕ್ಕೆ ಕಟ್ಟಿಕೊಂಡ” ಎಂದು ಗೆಳೆಯ ಮಾತು ಮುಗಿಸಿದ. ಎಲ್ಲರೂ ಮೌನವಾಗಿ ಕುಳಿತಿದ್ದರು. ನನಗೆ ಮಾತ್ರ ಎದುರಿಗೆ ಕುಳಿತ ಕ್ಯಾಪ್ಟನ್ ಕಾಣುತ್ತಿದ್ದರು. ಆ ಆಸನದಲ್ಲಿ ಕೂರುವವರು ಅವರು. ನಾನು ಬಿಚ್ಚಿ ನೋಡದ ಮರ ಅವರ ತಲೆಯ ಮೇಲಿರುತ್ತದೆ.

ಆ ವಾರ ಪಾಪನಿವೇದನೆಗೆ ಹೋದೆ. ಹೇಳಿದೆ. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: “ಅವರಿಗೆ ಹೇಳಿದ್ದೀರಾ?”

ಹೇಳುವುದು ಏಕೆ ಕಷ್ಟವಾಯಿತೆಂಬುದಕ್ಕೆ ಇನ್ನೊಂದು ಕಾರಣವಿತ್ತು. ಕ್ಯಾಪ್ಟನ್‌ಗೆ ಆಗ ಅರವತ್ತೊಂಬತ್ತು. ಅವರ ವೈದ್ಯಕೀಯ ಅರ್ಹತೆಯ ಅವಧಿ ಆ ವರ್ಷದ ಜುಲೈಗೆ ಮುಗಿಯುವುದಿತ್ತು. ಹೃದಯದಲ್ಲಿ ಸಣ್ಣ ತೊಂದರೆ ಕಾಣಿಸಿಕೊಂಡಿದ್ದರಿಂದ ಅದು ಮತ್ತೆ ಸಿಗುವ ಭರವಸೆಯಿರಲಿಲ್ಲ. ಮೇ ಕೊನೆಯಲ್ಲಿ, ಮಳೆಗೆ ಮುನ್ನ, ಅವರು ಹಾರಬೇಕು. ಅದೇ ಅವರ ಕೊನೆಯ ಹಾರಾಟ ಎಂದು ನಾವೆಲ್ಲ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದೆವು. ರೆಕ್ಕೆಯನ್ನು ಈಗ ಬಿಚ್ಚಿದರೆ ಆ ದಿನ ತಪ್ಪುತ್ತದೆ. ಮರ ಬಹುಶಃ ಗಟ್ಟಿಯಾಗಿಯೇ ಇದ್ದೀತು. ಬಲರೆಕ್ಕೆಯದು ಚೆನ್ನಾಗಿತ್ತಲ್ಲವೇ? ಅಧಿಕೃತ ಎಂಜಿನಿಯರರು ಬಂದು ಪರಿಶೀಲಿಸುವವರಿದ್ದಾರಲ್ಲವೇ? ಹೀಗೆ ಮನಸ್ಸು ನೂರು ವಕೀಲರನ್ನು ನೇಮಿಸಿಕೊಂಡಿತು.

ಏಪ್ರಿಲ್ ಕೊನೆಯ ಮಂಗಳವಾರ ಗಜೇಂದ್ರಗಡಕ್ಕೆ ಹೋದವನು ನನ್ನ ಹಳೆಯ ನೇಕಾರ ಗೆಳೆಯನ ಮನೆಯಲ್ಲಿ ಕುಳಿತೆ. ಅವನು ಮಗ್ಗದಲ್ಲಿದ್ದ. ಎಲ್ಲವನ್ನೂ ಹೇಳಿದೆ. ಅವನು ಲಾಳಿ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಎಳೆ ಹರಿಯಿತು. ಕೈ ತಡೆದು, ಎಳೆಯನ್ನು ಬೆರಳಲ್ಲಿ ಹೊಸೆದು ಗಂಟು ಹಾಕುತ್ತಾ ಅಂದ: “ಎಳಿ ಹರದದ್ದು ಮಗ್ಗದ ಮ್ಯಾಲ ಇದ್ದಾಗ ಹೇಳಬೇಕೋ ತಮ್ಮಾ. ಸೀರಿ ಉಟ್ಟು ಜಾತ್ರಿಗೆ ಹೋದಮ್ಯಾಲ ಹೇಳಿದ್ರ ಏನ್ ಬಂತು?” ಮತ್ತೆ ಲಾಳಿ ಓಡತೊಡಗಿತು. ಅವನಿಗೆ ಅದು ಉಪದೇಶವಾಗಿರಲಿಲ್ಲ. ದಿನವೂ ಮಾಡುವ ಕೆಲಸವಾಗಿತ್ತು.

ಮೇ 7ರ ಶನಿವಾರ ಹೇಳಿದೆ. ಹೊಸ ಬಣ್ಣದಲ್ಲಿ ಪುಷ್ಪಕ್ ಮದುವಣಗಿತ್ತಿಯಂತೆ ನಿಂತಿತ್ತು. ಕೆಲಸದ ಪುಸ್ತಕವನ್ನು ತೆರೆದು, ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು, “ಇದು ಸುಳ್ಳು. ಎಡಗಡೆಯದನ್ನು ನಾನು ಬಿಚ್ಚಲಿಲ್ಲ” ಎಂದೆ. ತುಮಕೂರಿನ ಗೆಳೆಯ ಏನೋ ಹೇಳಲು ಹೋಗಿ ಸುಮ್ಮನಾದ. ಕ್ಯಾಪ್ಟನ್ ಪುಸ್ತಕವನ್ನು ತೆಗೆದುಕೊಂಡು, ಆ ಸಾಲನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಹೋಗಿ ಮೇಜಿನಿಂದ ಚಾಕುವನ್ನು ತಂದು ನನ್ನ ಕೈಗೆ ಕೊಟ್ಟರು.

ಹೊಸ ಬಟ್ಟೆಯನ್ನು ಕೊಯ್ಯುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ರೆಕ್ಕೆಗೆ ಕೆಳಗಿನಿಂದ ಆಸರೆ ಕೊಟ್ಟು, ಊರುಗೋಲನ್ನು ಕಳಚಿ, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾದು, ತಟ್ಟಿ, ಮತ್ತೆ ಕಾದು, ಸಂಜೆಯ ಹೊತ್ತಿಗೆ ಅದನ್ನು ಹೊರಗೆಳೆದೆವು. ಐದು ಗಂಟೆಯ ಬಸ್ಸು ಹೋಯಿತು. ಪಟ್ಟಿಯನ್ನು ಸರಿಸಿ ಬ್ಯಾಟರಿಯ ಬೆಳಕು ಹಿಡಿದೆ.

ಮರ ಗಟ್ಟಿಯಾಗಿತ್ತು. ಹಳೆಯ ವಾರ್ನಿಷ್ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೊನಚಾದ ಉಪಕರಣದಿಂದ ಒತ್ತಿ ನೋಡಿದೆ, ಒಂದಿಷ್ಟೂ ಇಳಿಯಲಿಲ್ಲ. ಆ ರೆಕ್ಕೆಯಲ್ಲಿ ಕೊಳೆತಿದ್ದದ್ದು ಒಂದೇ: ನನ್ನ ಬರಹ.

ನಾನು ಕುಸಿದು ಕುಳಿತೆ. ಹೇಳದಿದ್ದರೆ ಏನೂ ಆಗುತ್ತಿರಲಿಲ್ಲ; ಹೇಳಿದ್ದರಿಂದ ಕ್ಯಾಪ್ಟನ್‌ರ ಕೊನೆಯ ಹಾರಾಟವನ್ನು ಕಸಿದುಕೊಂಡೆ ಎಂದು ಅನ್ನಿಸಿತು. ಕ್ಯಾಪ್ಟನ್ ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು, ತಾವೂ ಒಮ್ಮೆ ನೋಡಿ, “ಸರಿ. ಈಗ ನಮಗೆ ಗೊತ್ತಾಯಿತು. ಇಷ್ಟು ದಿನ ಗೊತ್ತಿರಲಿಲ್ಲ” ಎಂದರು. ಅಷ್ಟೇ. ಅಂದು ರಾತ್ರಿ ನಾವು ನಾಲ್ವರೂ ಶೆಡ್ಡಿನಲ್ಲೇ ಮಲಗಿದೆವು.

ಹೊಸ ಬೋಲ್ಟು ಬರುವಷ್ಟರಲ್ಲಿ ಮಳೆ ಹಿಡಿಯಿತು. ಗಾಳಿಯಲ್ಲಿ ತೇವವಿದ್ದಾಗ ಡೋಪ್ ಬಳಿದರೆ ಅದು ಬೆಳ್ಳಗೆ ಮಂಜು ಹಿಡಿದಂತಾಗಿ ಬಲ ಕಳೆದುಕೊಳ್ಳುತ್ತದೆ. ಅಕ್ಟೋಬರಿನವರೆಗೆ ಕಾಯದೆ ವಿಧಿಯಿರಲಿಲ್ಲ. ಜುಲೈ ಬಂದಿತು, ಹೋಯಿತು. ಕ್ಯಾಪ್ಟನ್‌ರ ಅರ್ಹತೆ ಮುಗಿಯಿತು, ಮತ್ತೆ ಸಿಗಲಿಲ್ಲ. ಜೂನ್, ಜುಲೈ ಎರಡೂ ಶನಿವಾರ ಅವರು ಬರಲಿಲ್ಲ. ನಾವು ಮೂವರೂ ಹೆಚ್ಚು ಮಾತಾಡದೆ ಬಾಗಿಲಿಗೆ ಬಣ್ಣ ಬಳಿದು ಬಂದೆವು. ಆಗಸ್ಟಿನ ಶನಿವಾರ ನಾನು ಹೋಗುವ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದಿತ್ತು. ಕ್ಯಾಪ್ಟನ್ ಒಬ್ಬರೇ ಕಸ ಗುಡಿಸುತ್ತಿದ್ದರು. ನನ್ನನ್ನು ನೋಡಿ, “ಬನ್ನಿ, ಪಾರಿವಾಳಗಳು ಮತ್ತೆ ಬಂದಿವೆ” ಎಂದರು. ಇನ್ನೊಂದು ಪೊರಕೆ ಗೋಡೆಗೆ ಒರಗಿತ್ತು. ಕ್ಷಮೆ ಎಂಬುದು ನನಗೆ ದೊರೆತದ್ದು ಆ ಪೊರಕೆಯ ರೂಪದಲ್ಲಿ.

ಎಡರೆಕ್ಕೆಯ ಹೊಲಿಗೆಗೆ ಅವರೇ ಆಚೆ ಬದಿಯಲ್ಲಿ ಕುಳಿತರು. ಈಚೆ ನಾನು. ಸೂಜಿ ಹೋಗುತ್ತಿತ್ತು, ಬರುತ್ತಿತ್ತು. ಅವರ ಮುಖ ಕಾಣುತ್ತಿರಲಿಲ್ಲ.

ಅಗತ್ಯವಾದ ಪರಿಶೀಲನೆಗಳೆಲ್ಲ ಮುಗಿದು, 2017ರ ಜನವರಿ 7ರಂದು ಪುಷ್ಪಕ್ ಹಾರಿತು. ಅದರ ಎಂಜಿನನ್ನು ಕೈಯಿಂದಲೇ ತಿರುವಿ ಚಾಲೂ ಮಾಡಬೇಕು. ಎಂಜಿನಿನಲ್ಲಿ ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೊಗಳಿವೆ. ಸ್ವಿಚ್ಚು ಆನ್ ಆಗಿದ್ದರೆ, ಪ್ರೊಪೆಲ್ಲರನ್ನು ಸುಮ್ಮನೆ ತಿರುವಿದರೂ ಎಂಜಿನು ಎದ್ದು ಕೈಯನ್ನೇ ಕತ್ತರಿಸೀತು. ಆದುದರಿಂದ ಹೊರಗಿನವನು “ಸ್ವಿಚ್ ಆಫ್?” ಎಂದು ಕೂಗುತ್ತಾನೆ, ಒಳಗಿನವನು ನೋಡಿಕೊಂಡು “ಸ್ವಿಚ್ ಆಫ್” ಎಂದು ಉತ್ತರಿಸುತ್ತಾನೆ. ಎಲ್ಲ ಸಿದ್ಧವಾದ ಮೇಲೆ “ಕಾಂಟ್ಯಾಕ್ಟ್” ಎಂಬ ಮಾತಿಗೆ ಮರುಮಾತು “ಕಾಂಟ್ಯಾಕ್ಟ್”. ಹೊರಗಿನವನ ಕೈಗಳನ್ನು ಕಾಯುವುದು ಒಳಗಿನವನ ಆ ಒಂದು ಮಾತಿನ ಸತ್ಯ. ಎಂಜಿನು ಎದ್ದ ಮೇಲೆ, ನೆಲ ಬಿಡುವ ಮುನ್ನ, ಎರಡು ಮ್ಯಾಗ್ನೆಟೊಗಳನ್ನೂ ಒಂದೊಂದಾಗಿ ಆರಿಸಿ, ಉಳಿದ ಒಂದೇ ಎಂಜಿನನ್ನು ನಡೆಸಬಲ್ಲದೇ ಎಂದು ಪರೀಕ್ಷಿಸುತ್ತಾರೆ. ಎರಡೂ ಕೂಡಿ ಓಡುವಾಗ ಯಾವುದು ದುರ್ಬಲವೆಂದು ತಿಳಿಯುವುದಿಲ್ಲ.

ಅಂದು ಪ್ರೊಪೆಲ್ಲರ್ ತಿರುವಿದವನು ಮಂಗಳೂರಿನ ಗೆಳೆಯ. ವಿಮಾನ ನಡೆಸಿದ್ದು ಕ್ಯಾಪ್ಟನ್‌ರ ಶಿಷ್ಯರೊಬ್ಬರು. ಪುಷ್ಪಕ್‌ನಲ್ಲಿ ಆಸನಗಳು ಅಕ್ಕಪಕ್ಕದಲ್ಲಿರುವುದು ದೇವರ ಕೃಪೆಯೇ ಸರಿ: ಪಕ್ಕದ ಆಸನದಲ್ಲಿ ಕ್ಯಾಪ್ಟನ್ ಪ್ರಯಾಣಿಕರಾಗಿ ಕುಳಿತರು. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು, ಕಂಟ್ರೋಲನ್ನು ಮುಟ್ಟಲಿಲ್ಲ. ಹತ್ತು ನಿಮಿಷದ ಹಾರಾಟ. ಎಡರೆಕ್ಕೆ ನಮ್ಮ ಕಡೆಗೆ ವಾಲಿ ಶೆಡ್ಡಿನ ಮೇಲೆ ಸುತ್ತು ಹಾಕಿದಾಗ ನಾನು ಆ ಕೀಲನ್ನೇ ನೋಡುತ್ತಿದ್ದೆ. ಇಳಿದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಒಂದು ಸಲವೂ ಎಡಗಡೆ ನೋಡಲಿಲ್ಲ” ಎಂದರು.

ಮರುವರ್ಷ, 2018ರಲ್ಲಿ, ಇನ್ನೊಂದು ಹಳೆಯ ವಿಮಾನದ ಸುದ್ದಿ ನಮ್ಮನ್ನು ಶೆಡ್ಡಿನ ರೇಡಿಯೋ ಸುತ್ತ ಕೂರಿಸಿತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಕೊಂಡೊಯ್ದ ಮೊದಲ ಡಕೋಟಾಗಳಲ್ಲಿ ಒಂದರ ಸಂಖ್ಯೆ ವಿ.ಪಿ. 905. ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಒಂದು ಹಳೆಯ ಡಕೋಟಾವನ್ನು ಹುಡುಕಿ, ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ದುರಸ್ತಿ ಮಾಡಿಸಿ, ವಾಯುಪಡೆಗೆ ಕೊಡುಗೆಯಾಗಿ ನೀಡಿದರು. ಅದಕ್ಕೆ ವಿ.ಪಿ. 905ರ ಸಂಖ್ಯೆಯನ್ನೂ ‘ಪರಶುರಾಮ’ ಎಂಬ ಹೆಸರನ್ನೂ ಇಟ್ಟರು. ಏಪ್ರಿಲಿನಲ್ಲಿ ಕವೆಂಟ್ರಿಯಿಂದ ಹೊರಟ ಅದು ಹಲವು ದೇಶಗಳಲ್ಲಿ ಇಳಿಯುತ್ತಾ, ಏರುತ್ತಾ ಜಾಮ್‌ನಗರವನ್ನು ತಲುಪಿತು. ಮೇ 4ರಂದು ಹಿಂಡನ್‌ನಲ್ಲಿ ವಾಯುಪಡೆಯನ್ನು ಸೇರಿತು. ಕ್ಯಾಪ್ಟನ್ ಸುದ್ದಿ ಕೇಳಿ, “ಎಷ್ಟು ಬೋಲ್ಟು ಬಿಚ್ಚಿರಬೇಕು!” ಎಂದರು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ನಗುವಂತಾದದ್ದೇ ದೊಡ್ಡ ಗುಣವಾಗಿತ್ತು.

ಪ್ರಿಯ ಓದುಗರೇ, ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಅದಕ್ಕೆ ಹೊಸ ಬಣ್ಣ ಬಳಿಯುವುದೆಂದು ನಾವು ಬಹುಮಟ್ಟಿಗೆ ತಿಳಿಯುತ್ತೇವೆ. ಹೊರಗೆ ಸುಣ್ಣ ಬಳಿದ ಸಮಾಧಿಗಳ ಬಗೆಗೆ ಯೇಸುಸ್ವಾಮಿಯವರು ಆಡಿದ ಕಟುನುಡಿಯನ್ನು ಕೇಳುತ್ತೇವೆ; ಅದು ಫರಿಸಾಯರಿಗೆ ಹೇಳಿದ್ದೆಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆ ಶೆಡ್ಡಿಗೆ ನನ್ನ ಕೈಯಾರೆ ಸುಣ್ಣ ಬಳಿದವನು ನಾನು. ಅಲ್ಲೇ ಸುಳ್ಳು ಬರೆದವನೂ ನಾನೇ. ಒಂದು ದಾಂಪತ್ಯವಾಗಲಿ, ಹಳೆಯ ಸ್ನೇಹವಾಗಲಿ, ಒಂದು ಧರ್ಮಕೇಂದ್ರದ ಒಗ್ಗಟ್ಟಾಗಲಿ ಭಾರ ಹೊರುವುದು ಕಣ್ಣಿಗೆ ಕಾಣದ ಕೀಲುಗಳಲ್ಲಿ. ಅಲ್ಲಿನ ಮರ ಗಟ್ಟಿಯಾಗಿರಲೂಬಹುದು. ಆದರೆ ಬಿಚ್ಚಿ ನೋಡದೆ ‘ನೋಡಿದೆ’ ಎಂದು ಬರೆದಿಟ್ಟಿದ್ದರೆ, ಮರ ಗಟ್ಟಿಯಾಗಿದ್ದೂ ನಮಗೆ ನೆಮ್ಮದಿಯಿಲ್ಲ.

ಸತ್ಯ ಹೇಳಿದ್ದಕ್ಕೆ ಬೆಲೆ ತೆತ್ತವನು ನಾನಲ್ಲ, ನನ್ನ ಗೆಳೆಯರು. ಈ ಮಾತನ್ನು ಮರೆಯಬಾರದೆಂದೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ತಪ್ಪಿನ ಭಾರ ಯಾವಾಗಲೂ ಇನ್ನೊಬ್ಬರ ಹೆಗಲ ಮೇಲೆ ಬೀಳುತ್ತದೆ. ಅದನ್ನು ಹೊತ್ತೂ ಪೊರಕೆ ಹಿಡಿದು ನಮಗಾಗಿ ಬಾಗಿಲು ತೆರೆದಿಡುವವರು ಕೆಲವರಿರುತ್ತಾರೆ. ಶಿಲುಬೆಯ ಕೆಳಗೆ ಮೊಣಕಾಲೂರಿದಾಗ ಇದಕ್ಕಿಂತ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ.

ಆ ಕೆಲಸದ ಪುಸ್ತಕ ಈಗಲೂ ಶೆಡ್ಡಿನಲ್ಲಿದೆ. 2014ರ ಆ ಸಾಲನ್ನು ಹೊಡೆದುಹಾಕಲು ಕ್ಯಾಪ್ಟನ್ ಬಿಡಲಿಲ್ಲ. ಅದರ ಕೆಳಗೆ ನನ್ನ ಕೈಯಲ್ಲೇ ಇನ್ನೊಂದು ಸಾಲು ಬರೆಸಿದರು: “7-5-2016. ಎಡಗಡೆ ಬಿಚ್ಚಿ ನೋಡಿದೆ. ಮರ ಸರಿಯಾಗಿದೆ.” ಅದರ ಕೆಳಗೆ ನಾಲ್ಕು ಸಹಿಗಳಿವೆ.